ಬಾಗಿಲ ಹೊರಗೆ ಕೂತು ನೋಡಿದ ಹಾಲೆಂಡ್

ಬನಹಟ್ಟಿ

ಹಾಲೆಂಡಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು ಹೂವಿನ ತೋಟದ ಬಗ್ಗೆ. ನಾನು ಹೂವು ನೋಡಲಿಲ್ಲ. ನಾನು ಹೆಚ್ಚಾಗಿ ನೋಡಿದ್ದು ಒಂದು ಮುಚ್ಚಿದ ಬಾಗಿಲನ್ನು. ಅದರ ಒಳಗೆ ನನ್ನ ತಂಗಿ ಕಸ್ತೂರಿ ಇದ್ದಳು, ಹೊರಗೆ ಕುರ್ಚಿಯ ಮೇಲೆ ನಾನಿದ್ದೆ. ಹಾಗಾಗಿ ಈ ಕಥನದಲ್ಲಿ ಪರದೇಶಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ ಕಂಡರೆ ಓದುವವರು ಸಹಿಸಿಕೊಳ್ಳಬೇಕು.

ಕಸ್ತೂರಿ ಹುಟ್ಟಿನಿಂದ ಕಿವುಡಿ. ಅವಳಿಗೆ ಮಾತು ಬರುವುದಿಲ್ಲ ಎಂದು ಜನ ಹೇಳುತ್ತಾರೆ. ಬರುತ್ತದೆ, ಕೈಯಲ್ಲಿ ಬರುತ್ತದೆ. ಬನಹಟ್ಟಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಪವರ್‌ಲೂಮ್ ಶೆಡ್ಡಿದೆ. ಮಗ್ಗಗಳು ಒಮ್ಮೆ ಶುರುವಾದವೆಂದರೆ ಅಲ್ಲಿ ಯಾರ ಬಾಯಿಮಾತೂ ಯಾರಿಗೂ ಕೇಳುವುದಿಲ್ಲ. ಎಳೆ ಹರಿಯಿತು, ಲಾಳಿ ಸಿಕ್ಕಿಬಿತ್ತು, ನಿನ್ನ ಗಂಡ ಕರೀತಿದ್ದಾನೆ, ನಿನ್ನೆ ಅವರ ಮನೆಯಲ್ಲಿ ಜಗಳ ಆಯಿತಂತೆ, ಎಲ್ಲವೂ ಕೈಸನ್ನೆಯೇ. ಕಿವಿ ಚೆನ್ನಾಗಿರುವವರೂ ಅಲ್ಲಿ ಹಾಗೇ ಮಾತಾಡುವುದು. ಕಸ್ತೂರಿ ಆ ಶೆಡ್ಡಿನಲ್ಲಿ ಬೆಳೆದಳು, ಅಲ್ಲೇ ನೇಯ್ಗೆ ಕಲಿತಳು. ಚಿಕ್ಕಂದಿನಲ್ಲಿ ಜಮಖಂಡಿಯ ಕಿವುಡ ಮಕ್ಕಳ ಶಾಲೆಗೆ ಹಾಕಿದ್ದೆವು. ಅತ್ತು ಕರೆದು ವಾಪಸ್ ಬಂದುಬಿಟ್ಟಳು, ಅಕ್ಷರ ಅಷ್ಟಕ್ಕಷ್ಟೇ.

ಮನೆಯ ಹೊರಗೆ ಅವಳ ಬಾಯಿ ನಾನು. ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ ಯಾರಾದರೂ “ಹೆಂಗದಾಳ್ರಿ ನಿಮ್ಮ ತಂಗಿ?” ಎಂದು ಕೇಳಿದರೆ, “ಆರಾಮ ಅದಾಳ್ರಿ” ಎನ್ನುವವಳು ನಾನು. ನನ್ನ ಲಗ್ನವಾದ ಮೇಲೂ ಅವಳು ನನ್ನ ಜೊತೆಗೇ ಇದ್ದಾಳೆ. ಯಜಮಾನರು ನನ್ನ ತವರಿನ ಮಗ್ಗಗಳನ್ನೇ ನೋಡಿಕೊಂಡು ಇಲ್ಲೇ ಉಳಿದರು.

ಒಂದು ದಿನ ಜಮಖಂಡಿಯ ಆ ಶಾಲೆಯ ಗುರುಗಳು ಮನೆಗೆ ಬಂದರು. ಹಾಲೆಂಡಿನಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಒಂದು ಸಾಧನ ಮಾಡುತ್ತಿದ್ದಾರೆ, ಅವರಲ್ಲಿ ಹೆಚ್ಚಿನವರು ಕಿವುಡರೇ ಎಂದು ವಿವರಿಸಿದರು. ಮನಸ್ಸಿಗೆ ಹೇಗಿದೆ, ದುಃಖವೋ ಸಿಟ್ಟೋ ಭಯವೋ ಎಂದು ಡಾಕ್ಟರರು ಕೇಳುವ ಫಾರ್ಮುಗಳೆಲ್ಲ ಅಕ್ಷರದಲ್ಲಿರುತ್ತವೆ. ಅಕ್ಷರವಿಲ್ಲದೆ, ಕೈಭಾಷೆಯಲ್ಲೇ ಕಿವುಡರು ತಮ್ಮ ಮನಸ್ಸಿನದನ್ನು ತಾವೇ ಹೇಳುವಂತಾಗಬೇಕು, ಅದು ಅವರ ಉದ್ದೇಶ. ಬೇರೆ ಬೇರೆ ದೇಶದವರನ್ನು ಕರೆಸಿ ಅವರ ಜೊತೆ ಕೂತು ಮಾಡುತ್ತಿದ್ದರು.

“ಸಾಲಿ ಕಲ್ತವ್ರು ಅವ್ರಿಗೆ ಬಾಳ ಮಂದಿ ಸಿಕ್ಕಾರ್ರೀ. ಕಸ್ತೂರಿಯಂಥಾಕಿ ಬೇಕಾಗ್ಯಾಳ,” ಎಂದರು ಗುರುಗಳು.

“ಜೋಡಿ ಯಾರ ಹೋಗ್ಬೇಕ್ರಿ?”

“ನೀವ ಹೋಗ್ರಿ. ನೀವಿಲ್ದ ಆಕಿ ಮಾತು ಅವ್ರಿಗೆ ಹೆಂಗ ತಿಳೀಬೇಕು?”

ಆ ಮಾತು ಕೇಳಿ ನಾನು ಉಬ್ಬಿಹೋದೆ. ಪಾಸ್‌ಪೋರ್ಟ್ ಬರುವವರೆಗೂ ಓಣಿಯ ತುಂಬ ಅದನ್ನೇ ಹೇಳಿಕೊಂಡು ತಿರುಗಿದೆ. ಯಜಮಾನರು ಮಾತ್ರ ಚಹಾ ಹೀರುತ್ತ, “ಅಲ್ಲಿ ಕಿವುಡ್ರ ಹೆಚ್ಚಿರ್ತಾರಂತ. ಅವ್ರ ನಡಬರಕ ನೀನ ಮೂಕಿ ಆಗ್ತಿ ನೋಡು,” ಅಂದರು. ಅವರ ಬಾಯಿಗೆ ಆಗಲೇ ಹುಗ್ಗಿ ತುರುಕಬೇಕಿತ್ತು.

ವಿಮಾನ

ವಿಮಾನದಲ್ಲಿ ಊಟ ಬಂತು. ನಾನು ಬಿ.ಎ. ಓದಿದವಳು, ಅದೂ ಇಂಗ್ಲಿಷ್ ಐಚ್ಛಿಕ. ಗಗನಸಖಿಗೆ ಬಲು ವಿನಯದಿಂದ, ವ್ಯಾಕರಣ ತಪ್ಪದಂತೆ, ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ಹೇಳಿದೆ. ಅವಳು ಮುಗುಳ್ನಕ್ಕು ನನಗೊಂದು ತಣ್ಣನೆಯ ಡಬ್ಬಿ ಕೊಟ್ಟಳು. ಒಳಗೆ ಹಸಿ ಎಲೆಗಳು, ಎಲೆಗಳ ಮೇಲೆ ಕತ್ತರಿಸಿದ ಮೊಟ್ಟೆ.

ಕಸ್ತೂರಿ ನನ್ನನ್ನು ಕೇಳಲೂ ಇಲ್ಲ. ತಲೆಯ ಮೇಲೆ ಎರಡು ಬೆರಳು ಕೋಡಿನಂತೆ ಇಟ್ಟು ತಲೆಯಾಡಿಸಿದಳು, ಬೇಡ. ಮೊಣಕೈಗಳನ್ನು ರೆಕ್ಕೆಯಂತೆ ಬಡಿದಳು, ಬೇಡ. ಕೋಳಿಯ ಹಿಂದಿನಿಂದ ಏನೋ ಬಿದ್ದದ್ದನ್ನು ಕೂಡ ತೋರಿಸಿ ಬೇಡ ಎಂದಳು. ಅಕ್ಕಪಕ್ಕದವರು ನಗುತ್ತಿದ್ದರು, ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ. ಆ ಹುಡುಗಿ ಒಳಗೆ ಹೋಗಿ ಅವಳಿಗೆ ಬಿಸಿ ಅನ್ನ, ಬೇಳೆ, ಒಂದರ ಬದಲು ಎರಡು ಸಿಹಿ ತಂದಿಟ್ಟಳು.

ಕಸ್ತೂರಿ ಒಂದು ಸಿಹಿಯನ್ನು ನನ್ನ ಕಡೆ ದೂಡಿದಳು. ಬೇಡವೆಂದೆ. ತಿನ್ನಬೇಕೆಂದು ಬಾಯಲ್ಲಿ ನೀರೂರುತ್ತಿತ್ತು, ಆದರೂ ಬೇಡವೆಂದೆ. ನನ್ನ ಸ್ವಭಾವ ಅಂಥದು.

ಆನ್ನೆಕೆಯ ಮನೆ

ನಾವು ಇಳಿದುಕೊಂಡದ್ದು ಆ ಕೆಲಸದ ಮುಂದಾಳು ಆನ್ನೆಕೆ ಎಂಬವಳ ಮನೆಯಲ್ಲಿ. ನಮ್ಮದೇ ವಾರಿಗೆಯ ಹೆಂಗಸು, ಎತ್ತರದ ಆಳು, ಅವಳೂ ಕಿವುಡಿ. ಬಾಗಿಲ ಗುಂಡಿ ಒತ್ತಿದರೆ ಸಪ್ಪಳವಿಲ್ಲ, ಮನೆಯ ದೀಪಗಳೆಲ್ಲ ಮಿನುಗುತ್ತವೆ. ಅದು ಸಾಲದೆಂಬಂತೆ ಒಂದು ನಾಯಿ ಓಡಿಹೋಗಿ ಆನ್ನೆಕೆಯ ಮೊಣಕಾಲಿಗೆ ಮೂತಿ ತಾಗಿಸಿ ಬಾಗಿಲ ಕಡೆ ಕರೆದುಕೊಂಡು ಬರುತ್ತದೆ. ಹಾಲು ಉಕ್ಕಿದರೆ, ಪಾತ್ರೆ ಬಿದ್ದರೆ, ಯಾರಾದರೂ ಹೆಸರು ಹಿಡಿದು ಕರೆದರೆ ಹೇಳುವುದೂ ಅದೇ. ನಮ್ಮ ಮುಧೋಳದ ನಾಯಿಗಳು ಮೊಲದ ಬೆನ್ನು ಹತ್ತುವುದನ್ನು ಕಂಡು ಬೆಳೆದವಳು ನಾನು, ನಾಯಿಯನ್ನು ಹೊಗಳುವುದು ನನಗೆ ಹೊಸದಲ್ಲ. ಆದರೆ ಈ ನಾಯಿಯ ಮೇಲೆ ನನಗೆ ಮೊದಲ ನೋಟಕ್ಕೇ ಸಿಟ್ಟು ಬಂತು. ಅದು ಮಾಡುತ್ತಿದ್ದುದೆಲ್ಲ ನಾನು ಕಸ್ತೂರಿಗೆ ಅವಳು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ.

ಊಟದ ಮೇಜಿನ ನಡುವೆ ಹೂದಾನಿ ಇತ್ತು. ಎಲ್ಲರೂ ಕೂತ ತಕ್ಷಣ ಆನ್ನೆಕೆ ಅದನ್ನೆತ್ತಿ ನೆಲಕ್ಕಿಟ್ಟಳು. ಎದುರಿನವರ ಕೈ ಕಾಣಬೇಕಲ್ಲ. ಆಮೇಲೆ ಅವರಿಬ್ಬರೂ ಶುರು ಮಾಡಿದರು. ಅವಳದು ಡಚ್ ಕೈಭಾಷೆ, ಇವಳದು ಬನಹಟ್ಟಿಯ ಮಗ್ಗದ ಕೈಮಾತು. ಒಬ್ಬರದು ಒಬ್ಬರಿಗೆ ತಿಳಿಯಲಾರದು, ಈಗ ನನ್ನ ಕಡೆ ತಿರುಗುತ್ತಾಳೆ ಎಂದು ಕೈ ಒರೆಸಿಕೊಂಡು ಕಾದು ಕೂತೆ. ತಿರುಗಲಿಲ್ಲ. ಒಂದು ಸನ್ನೆ ತಿಳಿಯದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಎದ್ದು ನಿಂತು ಮಾಡಿ ತೋರಿಸುವುದು. ಸಾರು ಆರುವಷ್ಟರಲ್ಲಿ ಇಬ್ಬರೂ ಮೇಜು ಬಡಿದು ನಗುತ್ತಿದ್ದರು.

“ಏನಂದ್ಲು? ಏನಂದ್ಲು?” ಎಂದು ನಾನು ಕಸ್ತೂರಿಯ ತೋಳು ತಿವಿದು ಕೈಯಲ್ಲಿ ಕೇಳಿದೆ.

“ತಡಿ, ಆಮ್ಯಾಲ ಹೇಳ್ತೇನಿ,” ಎಂದು ಅವಳ ಕೈ ಹೇಳಿತು.

ನಮ್ಮ ಮನೆಯಲ್ಲಿ ನೆಂಟರು ಬಂದಾಗ ನಾನು ಅವಳಿಗೆ ಹೇಳುತ್ತಿದ್ದ ಮಾತು ಅದು. ಯಜಮಾನರು ಅಂದದ್ದು ನೆನಪಾಗಿ ಮೈ ಉರಿಯಿತು.

ಹಳದಿ ಮುಖಗಳು

ಮರುದಿನ ಕೆಲಸ ಶುರುವಾಯಿತು. ಅಲ್ಲಿ ಕಿವಿ ಕೇಳುವ ದುಭಾಷಿ ಒಬ್ಬನಿದ್ದ, ಕೈಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅವನಿಂದ ನಾನು ಬದುಕಿಕೊಂಡೆ. ಪರದೆಯ ಮೇಲೆ ಹಳದಿ ಬಣ್ಣದ ಗುಂಡು ಮುಖಗಳ ಒಂದು ಸಾಲು ಬಂತು. ಒಂದು ನಗುತ್ತಿದೆ, ಒಂದು ಸುಮ್ಮನಿದೆ, ಒಂದು ಅಳುತ್ತಿದೆ. ಇವತ್ತು ನಿನ್ನ ಮನಸ್ಸು ಹೇಗಿದೆಯೋ ಆ ಮುಖವನ್ನು ಮುಟ್ಟು ಎಂದರು.

ಕಸ್ತೂರಿ ಬಹಳ ಹೊತ್ತು ನೋಡಿದಳು. ಮುಟ್ಟಲಿಲ್ಲ. ಪರದೆಯ ಹಿಂದೆ ಬಗ್ಗಿ ಹುಡುಕಿದಳು.

“ಇವ್ರ ಕೈ ಎಲ್ಲಿ ಅದಾವು?” ಎಂದು ಕೇಳಿದಳು.

ಅವಳಿಗೆ ತಿಳಿಯಲಿಲ್ಲ ಎಂದುಕೊಂಡು ನಾನು ನಡುವೆ ಬಾಯಿ ಹಾಕಿ ದುಭಾಷಿಗೆ ಕ್ಷಮೆ ಕೇಳತೊಡಗಿದೆ. ಅಷ್ಟರಲ್ಲಿ ಸುತ್ತ ಕೂತಿದ್ದ ಕಿವುಡರೆಲ್ಲ ಮೇಜು ಗುದ್ದಿ ನಗತೊಡಗಿದ್ದರು. ಅವರಲ್ಲೂ ಹಲವರು ಇದನ್ನೇ ಹೇಳುತ್ತ ಬಂದಿದ್ದರಂತೆ: ಕೈಯಿಲ್ಲದ, ಮೈಯಿಲ್ಲದ ಮುಖ ನಗುತ್ತಿದ್ದರೆ ಅದು ಖುಷಿಯ ನಗುವೋ ನೆಂಟರ ಮುಂದಿನ ನಗುವೋ ಹೇಗೆ ಗೊತ್ತಾಗಬೇಕು? ಹಳದಿ ಮುಖಗಳು ಅವತ್ತೇ ಹೊರಬಿದ್ದವು. ಅದರ ಬದಲು ಒಂದೊಂದು ಭಾವಕ್ಕೂ ಒಂದೊಂದು ಚಿಕ್ಕ ವಿಡಿಯೋ ಚಿತ್ರ, ನಿಜವಾದ ಮನುಷ್ಯರು ಮೈತುಂಬ ಮಾಡಿ ತೋರಿಸುವುದು ಎಂದು ಗೊತ್ತುಮಾಡಿದರು.

ಪ್ರಶ್ನೆಗಳನ್ನೂ ಹಾಗೆಯೇ ಕೈಯಲ್ಲಿ ಕೇಳಬೇಕಿತ್ತು. ಕಸ್ತೂರಿಗೆ ಕೇಳುವ ಪ್ರಶ್ನೆಗಳಿಗಾಗಿ ಆನ್ನೆಕೆ ನಮ್ಮ ಶೆಡ್ಡಿನ ಸನ್ನೆಗಳನ್ನು ಅವಳಿಂದಲೇ ಕಲಿತಳು. ಎಳೆ ಹರಿದರೆ ಬೇಜಾರು. ಲಾಳಿ ಸಿಕ್ಕಿಬಿದ್ದರೆ ಸಿಟ್ಟು. ನಾನು ಆಡಿ ಬೆಳೆದ ಮಾತು ಆ ಉದ್ದನೆಯ ಬಿಳಿ ಬೆರಳುಗಳಲ್ಲಿ, ತಪ್ಪುತ್ತ ತಡವರಿಸುತ್ತ, ಬರತೊಡಗಿತು. ಅವಳು ತಪ್ಪಿದಾಗಲೆಲ್ಲ ನನಗೆ ಹಾಯೆನಿಸುತ್ತಿತ್ತು.

ಬಾಗಿಲು

ಪ್ರಶ್ನೆಗಳು ತಯಾರಾದ ಮೇಲೆ ಕಸ್ತೂರಿ ಒಂದು ಸಣ್ಣ ಕೋಣೆಗೆ ಹೋಗಿ ಪರದೆಯ ಮುಂದೆ ಕೂತು, ಕ್ಯಾಮೆರಾಕ್ಕೆ ಕೈಯಲ್ಲೇ ಉತ್ತರ ಹೇಳಬೇಕಿತ್ತು. ನಾನೂ ಎಂದಿನಂತೆ ಹಿಂದೆಯೇ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತೆ. ಆನ್ನೆಕೆ ಬಂದಳು. ನನ್ನನ್ನು ಏಳಿಸಿ, ನಾನು ಕೂತಿದ್ದ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಓಣಿಯಂಥ ಉದ್ದನೆಯ ಪಡಸಾಲೆಯಲ್ಲಿಟ್ಟಳು. ಮೇಲೊಂದು ದಿಂಬು ಬೇರೆ ಇಟ್ಟಳು. ಆ ದಿಂಬು ಇವತ್ತಿಗೂ ನನಗೆ ಚುಚ್ಚುತ್ತದೆ.

ದುಭಾಷಿ ಕಾರಣ ಹೇಳಿದ. ತಾಯಿ, ಅಕ್ಕ, ಗಂಡ ಯಾರೇ ಪಕ್ಕದಲ್ಲಿದ್ದರೂ ಕಿವುಡರು ಅವರ ಮುಖ ನೋಡಿಯೇ ಉತ್ತರ ಹೇಳುತ್ತಾರಂತೆ. ಆದ್ದರಿಂದ ಒಳಗೆ ಯಾರೂ ಇರುವಂತಿಲ್ಲ, ಹೇಳಿದ್ದು ಹೇಳಿದವರದೇ ಸ್ವತ್ತು. ನಾನು ತಲೆಯಾಡಿಸಿದೆ. ನನ್ನನ್ನೂ ಆ ಸಾಲಿನಲ್ಲಿ ಸೇರಿಸಿದ್ದು ಮಾತ್ರ ನನಗೆ ಸರಿ ಬರಲಿಲ್ಲ. ನಮ್ಮಿಬ್ಬರ ನಡುವೆ ಮುಚ್ಚುಮರೆ ಎಲ್ಲಿದೆ?

ಹೊರಗೆ ಬಂದ ಕಸ್ತೂರಿಯ ಕಣ್ಣು ಕೆಂಪಾಗಿದ್ದವು. ಎದ್ದು ಹೋಗಿ ಅವಳ ಮುಂದೆ ನಿಂತೆ.

“ಏನ್ ಹೇಳಿದಿ?”

“ಹೇಳಂಗಿಲ್ಲ. ನಿಯಮ ಅದ.”

“ನನಗೂ ಹೇಳಂಗಿಲ್ಲೇನ ಬೇ?”

ಅವಳು ನನ್ನ ಗಲ್ಲ ಹಿಂಡಿ, ನಾಯಿಯ ಜೊತೆ ಅಂಗಳಕ್ಕೆ ಹೋದಳು. ನಾನು ಊರಿಗೆ ಫೋನು ಹಚ್ಚಿದೆ. “ನಿನ್ನ ಬಗ್ಗೆನ ಹೇಳಿರಬೇಕು ಬಿಡು, ಇಷ್ಟು ವರ್ಷದ್ದು ಸಿಟ್ಟು ಇರ್ತೈತಿ,” ಎಂದು ಯಜಮಾನರು ನಕ್ಕರು. ಅವರು ನಕ್ಕದ್ದು ತಮಾಷೆಗೆ, ಆದರೆ ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ನನ್ನ ತಂಗಿಗೆ ಅಳುವಂಥ ದುಃಖ ಒಂದಿದೆ, ಅದು ಒಂದು ಕ್ಯಾಮೆರಾಕ್ಕೆ ಗೊತ್ತಿದೆ, ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಸಿಟ್ಟಿನಲ್ಲಿ ಒಬ್ಬಳೇ ತಿರುಗಾಡಲು ಹೋದೆ. ಆ ದೇಶದಲ್ಲಿ ರಸ್ತೆ ಕೆಳಗಿದೆ, ನೀರು ಮೇಲಿದೆ. ಒಡ್ಡಿನ ಆಚೆ ದೋಣಿಗಳು ನನ್ನ ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ಹೋಗುತ್ತಿದ್ದವು, ಈಚೆ ದನಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಬೀಳಗಿ ಕಡೆಯ ನಮ್ಮವ್ವನ ತವರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿಹೋಯಿತು. ಅಲ್ಲಿ ನೀರು ಬಂತೆಂದು ಊರೇ ಎದ್ದು ನಡೆಯಿತು, ಇಲ್ಲಿ ಊರು ಕೂತಿದೆ, ನೀರೇ ಒಡ್ಡಿನಾಚೆ ನಿಂತಿದೆ. ದನಗಳ ಮೇಲೂ ಹೊಟ್ಟೆಕಿಚ್ಚುಪಟ್ಟ ಪ್ರವಾಸಿ ನಾನೊಬ್ಬಳೇ ಇರಬೇಕು. ನೀರು ನೋಡುತ್ತ ಸೈಕಲ್ಲಿನ ದಾರಿಯ ಮೇಲೆ ನಿಂತುಬಿಟ್ಟಿದ್ದೆ. ಒಬ್ಬ ಮುದುಕಿ ಗಂಟೆ ಬಾರಿಸುತ್ತ ಬಂದು, ಇಳಿದು, ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಮತ್ತೆ ಹತ್ತಿಕೊಂಡು ಹೋದಳು.

ಅವತ್ತು ಮಧ್ಯಾಹ್ನ ತಯಾರಾದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದರು. ಸಂತೋಷಕ್ಕೆ ಒಬ್ಬ, ಭಯಕ್ಕೆ ಇನ್ನೊಬ್ಬಳು. ಹೊಟ್ಟೆಕಿಚ್ಚಿಗೆ ಕಸ್ತೂರಿ. ಪರದೆಯ ಮೇಲೆ ಅವಳು ನೆಟ್ಟಗೆ ಕೂತಳು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ತುಟಿ ಬಿಗಿದು ಮುಖ ಆಚೆ ತಿರುಗಿಸಿದಳು, ಕಣ್ಣು ಮಾತ್ರ ಈಚೆಗೇ ಇಟ್ಟುಕೊಂಡಳು. ಆಮೇಲೆ, ಏನೂ ಆಗದವರಂತೆ, ಕುರ್ಚಿಯನ್ನು ಇಷ್ಟಿಷ್ಟೇ ಹತ್ತಿರಕ್ಕೆ ಸರಿಸತೊಡಗಿದಳು.

ಕೋಣೆಯ ಜನರೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ನನ್ನ ಸೆರಗು ಸೊಂಟದಲ್ಲೇ ಇತ್ತು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ.

ಮ್ಯೂಸಿಯಂ

ಕೊನೆಯ ದಿನ ನಮಗಾಗಿ ನೇಯ್ಗೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಆ ಊರಲ್ಲೂ ಒಂದು ಕಾಲಕ್ಕೆ ಮನೆಮನೆಗೆ ಮಗ್ಗವಿತ್ತಂತೆ. ಈಗ ಗಾಜಿನ ಕಟ್ಟಡದೊಳಗೆ ಮಗ್ಗ, ಅದರ ಮುಂದೆ ಹಗ್ಗ, ಮುಟ್ಟಬಾರದೆಂಬ ಫಲಕ. ವಯಸ್ಸಾದ ಒಬ್ಬ ಕೆಲಸಗಾರ ಬಂದು, ಒಂದು ಪವರ್‌ಲೂಮನ್ನು ನಡೆಸಿ ತೋರಿಸುತ್ತೇನೆಂದು ಗುಂಡಿ ಒತ್ತಿದ.

ಖಡಲ್ ಖಡಲ್ ಎಂದು ನಮ್ಮ ಬನಹಟ್ಟಿಯೇ ಬಂದು ನಿಂತಿತು. ದುಭಾಷಿ ಬಾಯಿ ತೆರೆದ, ಕೇಳಿಸಲಿಲ್ಲ, ಮುಚ್ಚಿದ. ಕಿವಿ ಇದ್ದವರೆಲ್ಲ ಪೆಚ್ಚಾಗಿ ನಿಂತರು. ಕಸ್ತೂರಿ ಚಪ್ಪಲಿ ಬಿಟ್ಟು ನೆಲದ ನಡುಕಕ್ಕೆ ಅಂಗಾಲು ಕೊಟ್ಟು ಕಣ್ಣು ಅರಳಿಸಿದಳು.

“ಎಳಿ ಸಡಲ ಅದಾವು,” ಎಂದಳು ಕೈಯಲ್ಲಿ.

“ನಮ್ಮ ಶೆಡ್ಡಿನ್ಯಾಗಿದ್ರ ಈ ಮುದುಕ ಬೈಸ್ಕೊಂತಿದ್ದ,” ಎಂದೆ ನಾನೂ ಕೈಯಲ್ಲೇ.

ಮಗ್ಗದ ಮುಂದಿನ ಮಾತು ಬಿರುಸು, ಅರ್ಧ ಸನ್ನೆಗೇ ತಿಳಿಯಬೇಕು. ನಾವಿಬ್ಬರೂ ಆ ಮುದುಕನ ಟೊಪ್ಪಿಗೆಯಿಂದ ಹಿಡಿದು ಮುಧೋಳದ ಬಸ್‌ಸ್ಟ್ಯಾಂಡಿನವರೆಗೆ ಏನೇನೋ ಆಡಿಕೊಂಡು ನಕ್ಕೆವು. ಆನ್ನೆಕೆ ನಮ್ಮ ಕೈಗಳನ್ನು ಹಿಂಬಾಲಿಸಲಾಗದೆ, ಏನು, ಏನು ಎಂದು ಕಸ್ತೂರಿಯ ತೋಳು ತಿವಿದಳು. ಅಯ್ಯೋ, ಎಂಥ ಸುಖ! ಇಡೀ ಪ್ರವಾಸದಲ್ಲಿ ನನಗೆ ಹೊಟ್ಟೆ ತುಂಬಿದ್ದು ಆ ಒಂದು ಗಳಿಗೆಯಲ್ಲಿ.

ಮುದುಕ ಮಗ್ಗ ನಿಲ್ಲಿಸಿದ. ಸಪ್ಪಳ ನಿಂತದ್ದೇ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ನಿಮ್ಮ ಕಡೆ ಇಂಥ ಮಗ್ಗ ಇನ್ನೂ ಇವೆಯೇ ಎಂದು ಅವನು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಕೊನೆಗೂ ನನ್ನನ್ನು ಒಬ್ಬರು ಕೇಳಿದರಲ್ಲ ಎಂಬ ಉತ್ಸಾಹದಲ್ಲಿ ಅವನ ಕಡೆ ತಿರುಗಿ, ಕೈಗಳನ್ನು ಸ್ವೆಟರಿನ ಜೇಬಿಗೆ ಇಳಿಬಿಟ್ಟು, ನಮ್ಮ ಪಕ್ಕದ ರಬಕವಿಯಿಂದ ಹಿಡಿದು ಹೇಳತೊಡಗಿದೆ.

ಕಸ್ತೂರಿ ನನ್ನ ಮೊಣಕೈ ಹಿಡಿದು ಜಗ್ಗಿದಳು.

“ಇದ,” ಎಂದಿತು ಅವಳ ಕೈ.

“ಏನ ಇದ?”

“ಆ ಖೋಲ್ಯಾಗ ನಾ ಹೇಳಿದ್ದು ಇದ. ದುಃಖ ಯಾವಾಗ ಆಗ್ತೈತಿ ಅಂತ ಕೇಳಿದ್ರು. ಕರೆಂಟ್ ಹೋದಾಗ ಅಂತ ಹೇಳಿದೆ.” ನಾನು ಮಿಕಿಮಿಕಿ ನೋಡುತ್ತಿದ್ದೆ. ಅವಳು ನಿಧಾನವಾಗಿ, ಆನ್ನೆಕೆಗೆ ಹೇಳಿಕೊಡುವಾಗ ಹೇಳುತ್ತಿದ್ದಂತೆ, ಬಿಡಿಸಿ ಬಿಡಿಸಿ ಹೇಳಿದಳು. “ಮಗ್ಗ ನಡದಾಗ ಎಲ್ಲಾರೂ ಕೈಲೆ ಮಾತಾಡ್ತೀರಿ. ನಾನೂ ನಿಮ್ಮೊಳಗ ಒಬ್ಬಾಕಿ. ಕರೆಂಟ್ ಹೋತಂದ್ರ ನಿಮ್ಮ ಕೈ ಉಡ್ಯಾಗ ಬೀಳ್ತಾವು. ಬಾಯಿ ತಗೀತೀರಿ. ನೀನೂ ತಗೀತಿ. ಅವಾಗ ನಾ ಕಿವುಡಿ ಆಗ್ತೇನಿ.”

ಕರೆಂಟು ಹೋದಾಗ ನಮ್ಮ ಶೆಡ್ಡಿನ ಹೊಸ್ತಿಲಲ್ಲಿ ಎಲ್ಲರೂ ಚಹಾ ಹಿಡಿದು ಕೂರುತ್ತೇವೆ. ಅಷ್ಟು ಹೊತ್ತು ಕಟ್ಟಿಹೋದ ಬಾಯಿಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಹಾಡು, ಚಾಡಿ, ನಗೆ. ಕಸ್ತೂರಿ ಗ್ಲಾಸು ಹಿಡಿದು ನಡುವೆ ಕೂತಿರುತ್ತಾಳೆ, ನಾವು ನಕ್ಕಾಗ ನಗುತ್ತಾಳೆ. “ಕರೆಂಟ್ ಹೋದ್ರ ನಮ್ಮ ಕಸ್ತೂರಿಗೆ ಬಾಳ ಖುಷಿ ನೋಡ್ರಿ,” ಎಂದು ನಾನೇ ಎಷ್ಟು ಮಂದಿಗೆ ಹೇಳಿದ್ದೇನೋ.

ಓದುವವರು ಬೈದರೂ ಸರಿ, ಖರೆ ಹೇಳುತ್ತೇನೆ. ಆ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಕಿಚ್ಚು.

“ಮದ್ಲ ನನಗ್ಯಾಕ ಹೇಳ್ಲಿಲ್ಲ?” ಎಂದು ಕೇಳಿದೆ.

“ನೀ ಯಾವಾಗ ಕೇಳಿದಿ?” ಎಂದಳು. “ನೀ ಎಲ್ಲಾರಿಗೂ ಹೇಳ್ತಿ ಅಷ್ಟ.”

ಮುದುಕ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಇವೆ ಎಂದು ಅವನಿಗೆ ತಲೆಯಾಡಿಸಿ, ಕಸ್ತೂರಿಯ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡಳು. ಕೈ ಹಿಡಿದರೆ ಅವಳು ಮಾತಾಡುವುದು ಹೇಗೆ? ಆಗ ಮಾತ್ರ ನಾನು ಅತ್ತೆ.

ಮತ್ತೆ ಬನಹಟ್ಟಿ

ಊರಿಗೆ ಬಂದ ಮರುದಿನವೇ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಚಹಾ ಬಂತು. ಎಲ್ಲರೂ ಹೊಸ್ತಿಲಿಗೆ ಬಂದು ಕೂತು, “ಹೇಳ್ರಿ ಅಕ್ಕಾರ, ಏನೇನ್ ನೋಡಿದ್ರಿ?” ಎಂದು ನನ್ನನ್ನು ಕೇಳಿದರು. ವಿಮಾನದಲ್ಲಿ ಬರುವಾಗ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ನುಂಗಿಕೊಂಡೆ. ಕೈಯೆತ್ತಿ, ಆಕಿಗೆ ಕೇಳ್ರಿ ಎಂದು ಸನ್ನೆ ಮಾಡಿದೆ.

“ಬಾಯಿಗೇನ್ ಆಗೇದ ನಿನಗ?” ಎಂದರು ಯಜಮಾನರು. ಅವರ ಮೊಣಕಾಲಿಗೊಂದು ಕೊಟ್ಟೆ.

ಕಸ್ತೂರಿ ನನ್ನನ್ನು ನೋಡಿದಳು. ಗ್ಲಾಸನ್ನು ಕೆಳಗಿಟ್ಟಳು. ಆಮೇಲೆ ಅವಳ ಕೈಗಳು ಎದ್ದವು. ವಿಮಾನ, ಕೋಳಿ, ಮಿನುಗುವ ಮನೆ, ಮೂತಿಯಿಂದ ಕರೆಯುವ ನಾಯಿ. ದಿಂಬಿನ ಮೇಲೆ ಕೂತು ಬಾಗಿಲನ್ನೇ ದಿಟ್ಟಿಸುತ್ತಿದ್ದ ನಾನು. ಶೆಡ್ಡಿನವರು ಬಿದ್ದು ಬಿದ್ದು ನಕ್ಕರು. ಆಮೇಲೆ ನನಗೆ ಗೊತ್ತಿಲ್ಲದ ಸಂಗತಿಗಳು ಬರತೊಡಗಿದವು. ನಾನು ಮುನಿಸಿಕೊಂಡು ಒಡ್ಡಿನ ಮೇಲೆ ತಿರುಗುತ್ತಿದ್ದಾಗ ಇವಳು ಆನ್ನೆಕೆಯ ಸೈಕಲ್ಲು ಹತ್ತಿದ್ದಳಂತೆ. ಸೀರೆ ಮೇಲೆ ಕಟ್ಟಿ ಕಾಲುವೆಯ ದಂಡೆಯ ಮೇಲೆ ಹೊಡೆದುಕೊಂಡು ಹೋಗಿದ್ದಳಂತೆ, ಸೇತುವೆ ಇಳಿಯುವಾಗ ಎರಡೂ ಕೈ ಬಿಟ್ಟಿದ್ದಳಂತೆ! ನನ್ನ ತಂಗಿ ಕಂಡ ಹಾಲೆಂಡು ನಾನು ಕಂಡದ್ದಕ್ಕಿಂತ ದೊಡ್ಡದಿತ್ತು. ಅದನ್ನು ನಾನು ಉಳಿದವರ ಜೊತೆ ಸಾಲಿನಲ್ಲಿ ಕೂತು ತಿಳಿದುಕೊಳ್ಳಬೇಕಾಯಿತು.

ಕರೆಂಟು ಬಂತು. ಬಲ್ಬು ಹತ್ತಿತು, ಒಳಗೆ ಫ್ಯಾನು ತಿರುಗತೊಡಗಿತು. ಯಾರೂ ಎದ್ದು ಮಗ್ಗ ಹಾಕಲಿಲ್ಲ. ಎಲ್ಲರ ಕಣ್ಣೂ ಕಸ್ತೂರಿಯ ಕೈಯ ಮೇಲೆ. ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವಳು ಚಹಾ ಗುಟುಕರಿಸಲು ಕೈ ನಿಲ್ಲಿಸಿದಳು. ತಡೆಯಲಾರದೆ ನಾನೇ ಎಲ್ಲರಿಗಿಂತ ಮೊದಲು ಕೈಯೆತ್ತಿ ಕೇಳಿದೆ:

“ಮುಂದ?”